ವೆಂಕಣ್ಣ ಮಾಸ್ತರರ ಅಂಕದ ಹಲಗೆ

ಗುಡಗೇರಿಯ ವೆಂಕಣ್ಣ ಮಾಸ್ತರರು ಸಿನಿಮಾಗಳಿಗೆ ಅಂಕ ಹಾಕುತ್ತಿದ್ದರು. ತಮಾಷೆಗಲ್ಲ. ಏಳನೆಯ ಇಯತ್ತೆಯ ಪೇಪರು ತಿದ್ದುವಷ್ಟೇ ಗಂಭೀರವಾಗಿ, ನೂರಕ್ಕೆ ಇಷ್ಟು ಎಂದು ಹಾಕುತ್ತಿದ್ದರು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ದುರ್ಗವ್ವನ ಚಹಾದಂಗಡಿ. ಅದರ ಹೊರಗೋಡೆಗೆ, ಶಾಲೆಯವರು ಬೇಡವೆಂದು ಬಿಟ್ಟ ಒಂದು ಕರಿ ಹಲಗೆ ನೇತಾಡುತ್ತಿತ್ತು. ಸಂತೆಯ ಹಿಂದಿನ ಸಂಜೆ ಅಬ್ದುಲ್‌ಸಾಬನ ಟೆಂಟಿನಲ್ಲಿ ಹೊಸ ಚಿತ್ರ ಬೀಳುವುದು, ಸಂತೆಯ ದಿನ ಬೆಳಗಾಗುತ್ತಲೇ ಮಾಸ್ತರರು ಖಡುವಿನ, ಅಂದರೆ ಸೀಮೆಸುಣ್ಣದ, ತುಂಡು ಹಿಡಿದು ಹಲಗೆಯ ಮುಂದೆ ನಿಲ್ಲುವುದು, ಇದು ಹನ್ನೊಂದು ವರ್ಷದಿಂದ ನಡೆದುಬಂದ ಪದ್ಧತಿ. ಕಥೆಗೆ ಮೂವತ್ತು, ಹಾಡಿಗೆ ಇಪ್ಪತ್ತು, ಹೊಡೆದಾಟಕ್ಕೆ ಇಪ್ಪತ್ತು, ಅಳುವಿಗೆ ಇಪ್ಪತ್ತು, ಶಿಸ್ತಿಗೆ ಹತ್ತು. ಸಿನಿಮಾಕ್ಕೆ ಎಂಥ ಶಿಸ್ತು ಎಂದು ಯಾರೂ ಕೇಳಿದ್ದಿಲ್ಲ. ಮೂವತ್ತೈದು ಬಂದರೆ ಪಾಸು. ಕೆಳಗೆ ‘ಷರಾ’ ಎಂದು ಬರೆದು ಎರಡು ಸಾಲಿನ ಮಾತು. ರೈಲಿನಿಂದ ಇಳಿದವರು, ಗಾಡಿ ಹೂಡಿಕೊಂಡು ಸಂತೆಗೆ ಬಂದವರು ಮೊದಲು ಹಲಗೆಯ ಕಡೆ ನೋಡುವರು. ಓದು ಬಾರದವರು ಓದು ಬಂದವರಿಂದ ಓದಿಸಿಕೊಳ್ಳುವರು. ಸಂಜೆ ಟೆಂಟಿಗೆ ಹೋಗಬೇಕೋ ಬೇಡವೋ ಎಂಬುದು ಅಲ್ಲಿಗೇ ತೀರ್ಮಾನವಾಗುತ್ತಿತ್ತು.

ಟೆಂಟಿನೊಳಗೂ ಮಾಸ್ತರರಿಗೆ ತಮ್ಮದೇ ಸ್ಥಾನವಿತ್ತು. ಜನವೆಲ್ಲ ಮುಂದೆ ನೆಲದ ಮೇಲೆ ಕೂತರೆ, ಹಿಂದೆ ಬಾಗಿಲಿನ ಹತ್ತಿರ, ಯಂತ್ರದ ಪಕ್ಕದಲ್ಲಿ ಅವರಿಗಾಗಿ ಒಂದು ಕಬ್ಬಿಣದ ಮಡಚುವ ಖುರ್ಚಿ. ದೊಡ್ಡ ಸೀನು ಬಂದಾಗಲೆಲ್ಲ ನೆಲದವರು ಹಿಂದೆ ಹೊರಳಿ ಮಾಸ್ತರರ ಮುಖ ನೋಡುತ್ತಿದ್ದರು. ಪರದೆಯ ಬೆಳಕು ಅವರ ಮುಖದ ಮೇಲೆ ಬಿದ್ದು ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಹುಬ್ಬು ಏರಿದರೆ ಸೀನು ಪಸಂದಾಗಿದೆ ಎಂದರ್ಥ, ಮೂಗು ಮುರಿದರೆ ಜನವೂ ಛೀ ಥೂ ಎನ್ನುತ್ತಿತ್ತು. ಈ ಹೊರಳುವ ಮುಖಗಳೇ ಮಾಸ್ತರರ ಆಸ್ತಿ. ಅವರಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ, ಬಡ್ತಿಯಂತೂ ಬಂದಿರಲೇ ಇಲ್ಲ. ಇದೊಂದಿತ್ತು.

ಇನ್ನು ಅವರ ಸ್ವಭಾವ. ಮುಚ್ಚಿಡುವುದೇನು, ಮಾಸ್ತರರಿಗೆ ಹೊಟ್ಟೆಕಿಚ್ಚು ಬಹಳ. ಅಣ್ಣಿಗೇರಿಯ ಮಾಸ್ತರನೊಬ್ಬನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರೆಂದು ಎರಡು ದಿನ ಊಟ ರುಚಿಸಿರಲಿಲ್ಲ. ಷಡ್ಡಕ ಸ್ಕೂಟರು ಕೊಂಡಾಗ ಅದರ ಬಣ್ಣ ಸರಿಯಿಲ್ಲ ಎಂದು ಕಾಗದ ಬರೆದಿದ್ದರು. ಆದರೆ ಇವೆಲ್ಲ ಸಣ್ಣಪುಟ್ಟವು, ಬಂದಂತೆ ಹೋಗುತ್ತಿದ್ದವು. ಹತ್ತೊಂಬತ್ತು ವರ್ಷದಿಂದ ಆರದೆ ಉಳಿದ ಕಿಚ್ಚು ಒಂದೇ ಒಂದು, ಅದರ ಹೆಸರು ಅಮೋಘಸಿದ್ದಪ್ಪ.

ಅರವತ್ತೈದರಲ್ಲಿ ಇಬ್ಬರೂ ಹತ್ತೊಂಬತ್ತರ ಹುಡುಗರು. ಒಬ್ಬ ಕುರಿ ಕಾಯುವವರ ಮಗ, ಒಬ್ಬ ಭಟ್ಟರ ಮಗ. ಅಮೋಘಸಿದ್ದಪ್ಪನ ಬುತ್ತಿಯ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಯನ್ನು ವೆಂಕಣ್ಣ ಮನೆಯವರ ಕಣ್ಣು ತಪ್ಪಿಸಿ ತಿಂದು ಬೆಳೆದವನು. ಆ ವರ್ಷ ಇಬ್ಬರೂ ಯಾರಿಗೂ ಹೇಳದೆ ಮಿಲಿಟರಿ ಸೇರಲು ಬೆಳಗಾವಿಗೆ ಹೋದರು. ಮೈದಾನದಲ್ಲಿ ಅಂಗಿ ಬಿಚ್ಚಿಸಿ ಸಾಲಾಗಿ ನಿಲ್ಲಿಸಿದರು. ಒಬ್ಬ ಟೇಪು ಹಿಡಿದು ಎದೆ ಅಳೆಯುವವ, ಇನ್ನೊಬ್ಬ ಖಡು ಹಿಡಿದು ಎದೆಯ ಮೇಲೆಯೇ ಗುರುತು ಹಾಕುವವ. ಅಮೋಘಸಿದ್ದಪ್ಪನ ಎದೆಯ ಮೇಲೆ ಸರಿ ಗುರುತು ಬಿತ್ತು. ವೆಂಕಣ್ಣನ ಎದೆ ಉಸಿರು ತುಂಬಿಕೊಂಡರೂ ಒಂದೂವರೆ ಇಂಚು ಸಾಲದಾಯಿತು. ಖಡು ಹಿಡಿದವನು ನಗಲಿಲ್ಲ, ಬೈಯಲಿಲ್ಲ, ದೊಡ್ಡದಾಗಿ ತಪ್ಪು ಗುರುತು ಹಾಕಿ ಮುಂದಿನವನ ಕಡೆ ಹೋದ.

ಸ್ಟೇಷನ್ನಿನಲ್ಲಿ ವೆಂಕಣ್ಣ ಅತ್ತ. "ಊರಾಗ ಏನಂತ ಹೇಳಲೋ?" ಎಂದ.

"ಅವ್ವ ಅತ್ತಳು, ಬಿಡಲಿಲ್ಲ ಅಂತ ಹೇಳು," ಎಂದಿದ್ದ ಅಮೋಘಸಿದ್ದಪ್ಪ. "ಯಾರರೆ ಕೇಳಿದ್ರ ನಾನೂ ಹಂಗ ಹೇಳ್ತೀನಿ."

ಅವನು ಹಾಗೇ ಹೇಳಿದ. ರಜೆಗೆ ಬಂದಾಗಲೆಲ್ಲ ಜನ ಕೇಳಿದರೆ, ‘ವೆಂಕಣ್ಣ ಬಂದಿದ್ರ ನನಗಿಂತ ಮ್ಯಾಲೆ ಹೋಗತಿದ್ದ, ಅವರವ್ವ ಬಿಡಲಿಲ್ಲ’ ಎನ್ನುತ್ತಿದ್ದ. ಊರು ನಂಬಿತು. ಹೆಂಡತಿ ನರ್ಮದಾ ನಂಬಿದಳು. ಉಪಕಾರ ಮಾಡಿದವನನ್ನು ಕಂಡರೆ ಮನಸ್ಸು ಮೆತ್ತಗಾಗಬೇಕು. ಮಾಸ್ತರರಿಗೆ ತಿರುಗುಮುರುಗು. ಅವನು ಒಂದೊಂದು ಸಲ ಹಾಗೆ ಹೇಳಿದಾಗಲೂ ಎದೆಯ ಮೇಲೆ ಯಾರೋ ಮತ್ತೆ ಖಡು ಎಳೆದಂತಾಗುತ್ತಿತ್ತು.

ಎಂಬತ್ತಮೂರರ ಕೊನೆಗೆ ಅಮೋಘಸಿದ್ದಪ್ಪ ಹವಾಲ್ದಾರನಾಗಿ ನಿವೃತ್ತಿ ಹೊಂದಿ ಊರಿಗೆ ಬಂದ. ಎಪ್ಪತ್ತೊಂದರ ಯುದ್ಧ ಕಂಡುಬಂದಿದ್ದ. ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಮ್ಮನ ಮನೆಯಲ್ಲಿದ್ದು ಕುರಿ ನೋಡಿಕೊಳ್ಳುತ್ತಿದ್ದ, ಮಾತು ಕಡಿಮೆ. ಮಾತು ಕಡಿಮೆಯಾದಷ್ಟೂ ಊರಿಗೆ ಅವನ ಮೇಲೆ ಮರ್ಯಾದೆ ಹೆಚ್ಚಾಯಿತು. ಚಿಕ್ಕಂದಿನಲ್ಲಿ ‘ಅಮೋಘ್ಯಾ’ ಎಂದು ಕೂಗುತ್ತಿದ್ದ ಹಿರಿಯರೇ ಈಗ ‘ಹವಾಲ್ದಾರ್ರ’ ಎಂದರು. ಜನವರಿಯ ಝಂಡಾ ವಂದನೆಯಲ್ಲಿ ‘ಸಾವಧಾನ್’ ಕೂಗುವ ಕೆಲಸ ವರ್ಷವೂ ವೆಂಕಣ್ಣ ಮಾಸ್ತರರದು. ಈ ಸಲ ಹೆಡ್‌ಮಾಸ್ತರರು ಅದನ್ನು ಹವಾಲ್ದಾರನಿಗೆ ಕೊಟ್ಟರು. ಅವನ ಒಂದೇ ಕೂಗಿಗೆ ಇಡೀ ಶಾಲೆ ಸೆಟೆದು ನಿಂತಿತು, ಕೊಟ್ಟಿಗೆಯ ಎಮ್ಮೆಯೂ ನಿಂತಿತೆಂದು ಜನ ಆಡಿಕೊಂಡರು. ಇಷ್ಟು ಸಾಲದೆಂಬಂತೆ ನರ್ಮದಾ, "ಎಷ್ಟು ಸಭ್ಯ ಮನುಷ್ಯಾರೀ ಅವ್ರು, ಒಂದು ಡಬ್ಬಿ ಚಕ್ಕುಲಿ ಕೊಟ್ಟು ಬರ್ತೀರೇನು?" ಎಂದಳು. ಮಾಸ್ತರರು ಡಬ್ಬಿ ಒಯ್ದು ಶಾಲೆಯಲ್ಲಿ ತಾವೇ ತಿಂದು ಖಾಲಿ ಮಾಡಿದರು.

ಅದೇ ಬೇಸಿಗೆಯಲ್ಲಿ ಆ ಚಿತ್ರ ಬಂತು. ಹೆಸರು ‘ರಜಾ ಮುಗಿದ ಮೇಲೆ’. ಎರಡೂ ಬದಿಗೆ ಪೋಸ್ಟರು ಕಟ್ಟಿದ ಗಾಡಿ ತಮಟೆ ಬಡಿಸುತ್ತ ಊರೂರು ಸುತ್ತಿತು. ಯುದ್ಧದಿಂದ ಮನೆಗೆ ಬಂದ ಮೂವರು ಸಿಪಾಯಿಗಳು, ಅವರಿಗೆ ಊರಲ್ಲಿ ಕೆಲಸವಿಲ್ಲ, ಕೇಳುವವರಿಲ್ಲ. ಮೂವರೂ ಕೂಡಿ ಸಕ್ಕರೆ ಕಾರ್ಖಾನೆಯ ಖಜಾನೆ ಲೂಟಿ ಮಾಡುತ್ತಾರೆ. ಹಿಡಿಯಲು ಬರುವ ಫೌಜುದಾರ ಅವರಲ್ಲೊಬ್ಬನ ತಮ್ಮನೇ. ಸಿಪಾಯಿ, ಕಳವು, ಪೊಲೀಸು, ಅಳು, ಎಲ್ಲ ಒಂದರಲ್ಲೇ ಇದ್ದುದರಿಂದ ಮಾಸ್ತರರು ಮನಸ್ಸಿನಲ್ಲೇ ಎಪ್ಪತ್ತರ ಹತ್ತಿರ ಅಂಕ ತೆಗೆದಿಟ್ಟುಕೊಂಡು, ಒಗೆದ ಧೋತರ ಉಟ್ಟು ಟೆಂಟಿಗೆ ಹೋದರು.

ಹೋಗಿ ನೋಡಿದರೆ ಅವರ ಖುರ್ಚಿಯಲ್ಲಿ ಅಮೋಘಸಿದ್ದಪ್ಪ ಕೂತಿದ್ದ.

ಅಬ್ದುಲ್‌ಸಾಬ ಓಡಿ ಬಂದ. "ಬರ್ರಿ ಮಾಸ್ತರ. ಸಿಪಾಯಿ ಪಿಕ್ಚರ್ ಐತಲ್ರಿ, ಅದಕ್ಕ ನಮ್ಮ ಸಿಪಾಯೀನ್ನ ಕರಸೇನಿ. ನಿಮಗ ಬಾಜೂಕ ಇನ್ನೊಂದು ಖುರ್ಚಿ ಹಾಕಸ್ತೀನಿ."

ಅಮೋಘಸಿದ್ದಪ್ಪ ಎದ್ದು ನಿಂತ. "ಮಾಸ್ತರ, ಇಲ್ಲೆ ನೀವು ಕುಂದರ್ರಿ."

"ಕೂಡ್ರಿ ಕೂಡ್ರಿ ಹವಾಲ್ದಾರ್ರ," ಎಂದರು ಮಾಸ್ತರರು, ಆ ‘ರಿ’ಯನ್ನು ಸೂಜಿ ಚುಚ್ಚಿದ ಹಾಗೆ ಚುಚ್ಚಿ. "ಖುರ್ಚಿ ಏನು ನಮ್ಮಪ್ಪನ ಆಸ್ತಿ ಅಲ್ಲ."

ಪಕ್ಕದ ಖುರ್ಚಿ ಅಲುಗಾಡುತ್ತಿತ್ತು. ಮಾಸ್ತರರು ಅದರಲ್ಲಿ ಕೂತರು. ಚಿತ್ರ ಸುರುವಾಯಿತು. ಮೊದಲ ದೊಡ್ಡ ಸೀನು: ಮೂವರು ಸಿಪಾಯಿಗಳು ರೈಲಿನಿಂದ ಇಳಿಯುತ್ತಾರೆ, ಎದುರುಗೊಳ್ಳಲು ಒಬ್ಬರೂ ಬಂದಿಲ್ಲ. ನೆಲದ ಮೇಲಿನ ಜನವೆಲ್ಲ ಹಿಂದೆ ಹೊರಳಿತು. ಮಾಸ್ತರರು ರೂಢಿಯಂತೆ ಹುಬ್ಬು ಸಿದ್ಧಮಾಡಿಕೊಂಡಿದ್ದರು. ಅಷ್ಟೂ ಮುಖಗಳು ಅವರನ್ನು ದಾಟಿ, ಒಂದು ಮೊಳ ಆಚೆ, ಅಮೋಘಸಿದ್ದಪ್ಪನ ಮುಖದ ಮೇಲೆ ಹೋಗಿ ನಿಂತವು.

ಅಲ್ಲಿಂದ ಮುಂದೆ ಮಾಸ್ತರರು ಪರದೆ ನೋಡಿದ್ದು ಕಡಿಮೆ, ಪಕ್ಕದವನನ್ನು ನೋಡಿದ್ದು ಹೆಚ್ಚು. ನೋಡಿದ್ದಕ್ಕೆಲ್ಲ ಅರ್ಥ ಹಚ್ಚುತ್ತ ಹೋದರು. ಅಮೋಘಸಿದ್ದಪ್ಪ ಗಳಿಗೆಗೊಮ್ಮೆ ಕುತ್ತಿಗೆ ಹೊರಳಿಸಿ ಹಿಂದೆ ಬಾಗಿಲಿನ ಕಡೆ ನೋಡುತ್ತಿದ್ದ. ತನ್ನನ್ನು ಯಾರು ಯಾರು ನೋಡುತ್ತಿದ್ದಾರೆಂದು ಎಣಿಸುತ್ತಿದ್ದಾನೆ, ಎಂದುಕೊಂಡರು ಮಾಸ್ತರರು. ಚಿತ್ರದಲ್ಲಿ ಒಂದು ಮದುವೆಯ ಊಟ ಬಂತು. ಬಾಗಿಲಿಗೆ ಬೆನ್ನಾಗಿ ಎಲೆ ಹಾಕಿದ್ದರೆಂದು ನಾಯಕ ಬಡಿಸಿದ ಎಲೆಯನ್ನೇ ಎತ್ತಿಕೊಂಡು ಎದುರು ಪಂಕ್ತಿಗೆ ಹೋಗಿ ಕೂತ. ಜನ ಗೊಳ್ಳೆಂದು ನಕ್ಕಿತು. ಅಮೋಘಸಿದ್ದಪ್ಪ ನಗಲಿಲ್ಲ, ಹೆಬ್ಬೆರಳಿನಿಂದ ಖುರ್ಚಿಯ ಅಂಚನ್ನು ತಿಕ್ಕುತ್ತ ಕೂತ. ನಾವೆಲ್ಲ ನಗುವುದಕ್ಕೆ ತಾನು ನಗುವವನಲ್ಲವೆಂಬ ಠೇಂಕಾರ, ಎಂದುಕೊಂಡರು.

ಆಮೇಲೆ ಕಾರ್ಖಾನೆಯ ಲೂಟಿ. ಢಂ ಢಂ ಎಂದು ಗುಂಡು ಸಿಡಿಯತೊಡಗಿದವು. ಅಮೋಘಸಿದ್ದಪ್ಪ ಚಪ್ಪಲಿಯ ಉಂಗುಟ ಸರಿಮಾಡುವವನಂತೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಹೊರಳಿ ನೋಡಿದ ಜನಕ್ಕೆ ಅವನು ಕಾಣಲೂ ಇಲ್ಲ. ಗುಂಡು ನಿಂತು, ಅಳು ಸುರುವಾಗಿ, ಹಾಡು ಮುಗಿಯುವವರೆಗೂ ಅವನು ಹಾಗೇ ಇದ್ದು, ಎದ್ದಾಗ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಖರೆ ಯುದ್ಧ ಕಂಡವನು ನಾನು, ಇಂಥ ಪಟಾಕಿಯನ್ನೇನು ನೋಡುವುದು ಎಂದು ತೋರಿಸಿಕೊಳ್ಳುತ್ತಾನೆ! ಮಾಸ್ತರರ ಸಿಟ್ಟು ನೆತ್ತಿಗೇರಿತು. ಎಷ್ಟೆಂದರೆ, ಚಿತ್ರ ಮುಗಿದು ಜನ ಎದ್ದಾಗ ಫೌಜುದಾರ ಅಣ್ಣನನ್ನು ಹಿಡಿದನೋ ಬಿಟ್ಟನೋ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಹಲಗೆಯ ಮುಂದೆ ನಿಂತಾಗ ಇದು ಹೊಳೆಯಿತು. ಹನ್ನೊಂದು ವರ್ಷದಲ್ಲಿ ಚಿತ್ರ ನೋಡದೆ ಅವರು ಅಂಕ ಹಾಕಿದ್ದಿಲ್ಲ. ನಿದ್ದೆಗಣ್ಣಿನಲ್ಲಿ ನೋಡಿದ್ದುಂಟು, ಜ್ವರ ಬಂದಾಗ ಕಂಬಳಿ ಹೊದ್ದು ನೋಡಿದ್ದುಂಟು. ಆದರೆ ಖಡು ಕೈಯಲ್ಲಿತ್ತು, ಜನ ಕಾಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹವಾಲ್ದಾರನ ಚಿತ್ರವೆಂದು ಊರೆಲ್ಲ ಮಾತಾಡುತ್ತಿದ್ದುದನ್ನು ನಾಪಾಸು ಮಾಡುವ ಅಧಿಕಾರ ಈ ಊರಲ್ಲಿ ತಮ್ಮೊಬ್ಬರಿಗೇ ಇದೆ ಎಂಬುದು ನೆನಪಾಯಿತು. ಕೈ ತಾನಾಗಿಯೇ ಬರೆಯಿತು. ಕಥೆ ಆರು, ಹಾಡು ಎಂಟು, ಹೊಡೆದಾಟ ಏಳು, ಅಳು ಐದು, ಶಿಸ್ತು ಎರಡು. ಒಟ್ಟು ಇಪ್ಪತ್ತೆಂಟು. ನಾಪಾಸು. ಷರಾ: ‘ಯುದ್ಧ ಕಂಡ ಸಿಪಾಯಿ ಬಾಗಿಲಿಗೆ ಬೆನ್ನು ಕೊಟ್ಟು ಕೂಡುವುದಿಲ್ಲವೆಂದು ತೋರಿಸಿದ್ದಾರೆ. ಶುದ್ಧ ಸುಳ್ಳು. ಗೆದ್ದು ಬಂದ ಗಂಡಸಿಗೆ ಎಂಥ ಅಂಜಿಕೆ?’

ಕಡೆಯ ಸಾಲು ಬರೆದು ಖಡುವಿನ ಧೂಳು ಝಾಡಿಸಿದಾಗ ಮಾಸ್ತರರಿಗೆ ಹಾಯೆನಿಸಿತು. ಬಹಳ ದಿನದ ಮೇಲೆ ಹಸಿವಾಯಿತು.

ಅಕ್ಕಿಯ ಚೀಲ ಹೊತ್ತು ಬಂದ ಲಕ್ಷ್ಮಪ್ಪ ಗಟ್ಟಿಯಾಗಿ ಓದಿದ. ಅವನು ದಲಾಲಿ ಅಂಗಡಿಯವನು, ಓದು ಬಂದವನು, ಯಾರನ್ನು ಯಾರ ಮೇಲೆ ಎತ್ತಿಕಟ್ಟಲಿ ಎಂದು ಕಾಯುವವನು. ಸುತ್ತ ಹತ್ತಿಪ್ಪತ್ತು ಜನ ನೆರೆಯಿತು. ಸಂತೆಗೆ ಬಂದ ರೇವವ್ವ ಬುಟ್ಟಿ ಇಳಿಸಿ ನಿಂತಳು. ಅಂಗಡಿಯ ಒಳಗಿನಿಂದ ದುರ್ಗವ್ವ, ಕೈಯಲ್ಲಿ ಚಹಾ ಸೋಸುವ ಬಟ್ಟೆ ಹಿಡಿದವಳು, ಬಾಗಿಲಿಗೆ ಬಂದು ಕೇಳಿಸಿಕೊಂಡಳು.

"ಅಲ್ರಿ ಮಾಸ್ತರ," ಎಂದಳು. "ಸುಳ್ಳ ಅಂತೀರಿ. ನಮ್ಮ ಹವಾಲ್ದಾರ ಅಣ್ಣ ದಿನಾ ಹಂಗ ಕೂಡ್ತಾನಲ್ರಿ? ಆ ಮೂಲಿ ಬಾಕ ಖಾಲಿ ಇಲ್ಲಂದ್ರ ಚಾ ಕುಡೀದ ಹೊಳ್ಳಿ ಹೋಗ್ತಾನ. ಗ್ವಾಡಿಗೆ ಬೆನ್ನ, ಬಾಗಲಾಕ ಮಕ. ನಾ ಮೊದಲ ದಿನದಿಂದ ನೋಡಾಕಹತ್ತೇನಿ."

ಜನವೆಲ್ಲ ಒಳಗೆ ಇಣುಕಿತು. ಮೂಲೆಯ ಬೆಂಚಿನ ಮೇಲೆ, ಗೋಡೆಗೆ ಬೆನ್ನು ಹಚ್ಚಿ, ಬಾಗಿಲಿಗೆ ಮುಖ ಮಾಡಿ ಅಮೋಘಸಿದ್ದಪ್ಪ ಚಹಾ ಕುಡಿಯುತ್ತಿದ್ದ. ಓದಿದ್ದೆಲ್ಲ ಅವನಿಗೂ ಕೇಳಿಸಿರಬೇಕು.

ಮಾಸ್ತರರಿಗೆ ಈಗ ಹೊಳೆಯಿತು. ಟೆಂಟಿನ ಬಾಗಿಲು ತಮ್ಮಿಬ್ಬರ ಖುರ್ಚಿಗಳ ಹಿಂದೆಯೇ ಇತ್ತು. ಗಳಿಗೆಗೊಮ್ಮೆ ಹಿಂದೆ ಹೊರಳಿದ್ದು ಜನ ಎಣಿಸಲಿಕ್ಕಲ್ಲ. ಖುರ್ಚಿಯ ಅಂಚು ತಿಕ್ಕಿದ್ದು ಠೇಂಕಾರವಲ್ಲ. ಚಪ್ಪಲಿಯ ಉಂಗುಟಕ್ಕೆ ಏನೂ ಆಗಿರಲಿಲ್ಲ. ಮೂರು ತಾಸು ಒಂದು ಮೊಳ ದೂರದಲ್ಲಿ ಕೂತು, ಕಣ್ಣು ಕೀಳದೆ ನೋಡಿ, ಒಂದನ್ನೂ ಸರಿಯಾಗಿ ಓದಲಿಲ್ಲವಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಅಮೋಘಸಿದ್ದಪ್ಪ ಗ್ಲಾಸು ಹಿಡಿದು ಹೊರಗೆ ಬಂದ. ಹಲಗೆ ನೋಡಿದ. ಅವನ ಓದು ನಿಧಾನ, ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಮಾಸ್ತರು ಬರದದ್ದ ಖರೆ," ಎಂದ. "ಪಿಕ್ಚರ್ ಸುಳ್ಳ. ಯಾ ಸಿಪಾಯೀನೂ ಹಂಗ ಕೂಡೂದಿಲ್ಲ."

"ಮತ್ತ ನೀ?" ಎಂದಳು ದುರ್ಗವ್ವ.

"ನಿನ್ನ ಒಲಿ ಹೊಗಿ ಈಚಿ ಬಾಕಿಗೆ ಬರ್ತೈತಿ. ಕಣ್ಣಾಗ ನೀರ ಬರ್ತಾವ. ಅದಕ್ಕ ಅಲ್ಲೆ ಕೂಡ್ತೀನಿ."

ಹತ್ತೊಂಬತ್ತು ವರ್ಷದ ಮೇಲೆ ಅದೇ ಕೆಲಸ. ಅದೇ ಮುಖ, ಅದೇ ನಿರಾಳ ಸುಳ್ಳು, ವೆಂಕಣ್ಣನ ಮಾನ ಉಳಿಸುವುದಕ್ಕೆ. ಮಾಸ್ತರರಿಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಮತ್ತದೇ ಹೊಟ್ಟೆಯುರಿ. ಇವನು ಎದೆಯ ಅಳತೆಯಲ್ಲಿ ಗೆದ್ದ, ಯುದ್ಧದಲ್ಲಿ ಗೆದ್ದ, ಈಗ ದೊಡ್ಡತನದಲ್ಲೂ ಇವನೇ ಗೆಲ್ಲಬೇಕೇ? ನನ್ನನ್ನು ಒಮ್ಮೆ ಬೈದಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಆದರೆ ಲಕ್ಷ್ಮಪ್ಪ ಬಿಡುವ ಆಸಾಮಿಯಲ್ಲ. "ತಡೀರಿ ತಡೀರಿ," ಎಂದ. "ಹವಾಲ್ದಾರ್ರು ಮಾಸ್ತರ ಮಾರಿ ನೋಡಿ ಮಾತಾಡಾಕಹತ್ಯಾರ. ನಿನ್ನಿ ಗುಂಡ ಹಾರೂ ಹೊತ್ತಿಗೆ ನಾವೆಲ್ಲಾ ಹೊಳ್ಳಿ ನೋಡಿದ್ವಿ, ಖುರ್ಚ್ಯಾಗ ಇವರು ಕಾಣಲಿಲ್ಲ. ಎಲ್ಲಿ ಹೋಗಿದ್ರು? ಅಂಜಿದ್ರೋ ಏನು? ಮಾಸ್ತರ, ಬಾಜೂಕ ಕುಂತವ್ರು ನೀವು. ನೀವ ಹೇಳ್ರಿ, ಪಿಕ್ಚರ್ ಖರೇನೋ, ನೀವು ಬರದದ್ದು ಖರೇನೋ ಒಮ್ಮೆ ಗೊತ್ತಾಗಲಿ."

ಎಲ್ಲ ಮುಖಗಳೂ ಮಾಸ್ತರರ ಕಡೆ ಹೊರಳಿದವು. ನಿನ್ನೆ ಸಂಜೆಯಿಂದ ಅವರು ಹಂಬಲಿಸಿದ್ದು ಇದೇ. ಈಗ ಬೇಕಾದದ್ದು ಒಂದೇ ಮಾತು. ‘ಹೌದಪ್ಪ, ನಾ ಕಣ್ಣಾರೆ ನೋಡೇನಿ, ನಿಮ್ಮ ಹವಾಲ್ದಾರ ಖುರ್ಚಿ ಕೆಳಗ ಮುದುಡಿ ಅಳಲಿಕ್ಕೆ ಹತ್ತಿದ್ದ. ಚಿತ್ರ ಖರೆ ಅದ, ನನ್ನ ಅಂಕ ತಿದ್ದತೀನಿ.’ ಅಷ್ಟು ಹೇಳಿದರೆ ಸಾಕು. ತಪ್ಪನ್ನು ಒಪ್ಪಿ ತಿದ್ದಿದ ಪ್ರಾಮಾಣಿಕ ಮಾಸ್ತರನೆಂದು ಊರು ಮೆಚ್ಚುತ್ತದೆ, ಹಲಗೆ ಉಳಿಯುತ್ತದೆ, ಖುರ್ಚಿ ಮರಳಿ ಬರುತ್ತದೆ. ಅಮೋಘಸಿದ್ದಪ್ಪ ಮತ್ತೆ ಅಮೋಘ್ಯಾ ಆಗುತ್ತಾನೆ. ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದರ ರುಚಿ ಕೂಡ ಹತ್ತಿತ್ತು. ಈಗ ಯಾರಾದರೂ ಮಾಸ್ತರರ ಎದೆಗೆ ಕಿವಿ ಇಟ್ಟಿದ್ದರೆ ‘ಹೇಳು, ಹೇಳು’ ಎಂದು ಬಡಿಯುವುದು ಕೇಳಿಸುತ್ತಿತ್ತು.

ಅಮೋಘಸಿದ್ದಪ್ಪ ಅವರನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ, ಹೆಬ್ಬೆರಳಿನಿಂದ ಗ್ಲಾಸಿನ ಅಂಚನ್ನು ತಿಕ್ಕುತ್ತಿದ್ದ.

"ನನಗೇನು ಗೊತ್ತೋ ಲಕ್ಷ್ಮಪ್ಪ," ಎಂದರು ಮಾಸ್ತರರು. ತಮ್ಮ ದನಿ ತಮಗೇ ಪರಕೀಯವೆನಿಸಿತು. "ನಾ ನಿದ್ದಿ ಮಾಡಿದ್ದೆ."

"ಏನು?"

"ನಿದ್ದಿ. ಸುರುವಾದ ಗಳಿಗ್ಯಾಗ ಹತ್ತಿತು, ಮುಗಿದ ಮ್ಯಾಲೆ ಎಚ್ಚರಾತು. ಚಿತ್ರಾನೂ ನೋಡಿಲ್ಲ, ಅವನ್ನೂ ನೋಡಿಲ್ಲ. ಆ ಮದವಿ ಊಟದ ಸಂಗತಿ ಮನಿಗೆ ಹೋಗೂ ದಾರ್ಯಾಗ ಯಾರೋ ಅಂದದ್ದು ಕೇಳಿ ಬರದೆ."

ರೇವವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು, ಅವಳ ಹಿಂದೆ ಎಲ್ಲರೂ ನಕ್ಕರು. "ಹಂಗಾರ ಇಷ್ಟು ವರ್ಸ ಹಿಂಗ ನಿದ್ದ್ಯಾಗ ಬರದ್ರೇನ್ರಿ?" ಎಂದ ಒಬ್ಬ. ಇನ್ನೊಬ್ಬನಿಗೆ, ತಾನು ಬಹಳ ಮೆಚ್ಚಿದ್ದ ಯಾವುದೋ ಚಿತ್ರವನ್ನು ಮಾಸ್ತರರು ಹಿಂದೆ ನಾಪಾಸು ಮಾಡಿದ್ದು ನೆನಪಾಗಿ ಸಿಟ್ಟೇ ಬಂತು. ಮಾಸ್ತರರು ಧೋತರದ ಚುಂಗಿನಿಂದ ಹಲಗೆ ಒರೆಸಿದರು. ಚಿತ್ರದ ಹೆಸರನ್ನಷ್ಟೇ ಉಳಿಸಿ, ಅದರ ಕೆಳಗೆ, ಹಾಜರಿ ಪುಸ್ತಕದಲ್ಲಿ ಬರೆಯುವ ಹಾಗೆ ದುಂಡಗೆ ಬರೆದರು: ‘ಮಾಸ್ತರರು ಗೈರುಹಾಜರು’. ಖಡುವಿನ ತುಂಡನ್ನು ದುರ್ಗವ್ವನ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು.

ಸುದ್ದಿ ಅವರಿಗಿಂತ ಮೊದಲು ಮನೆ ಮುಟ್ಟಿತ್ತು. ನರ್ಮದಾ ತಾಟಿಗೆ ಅನ್ನ ಬಡಿಸುತ್ತ, "ನಿದ್ದಿ ಮಾಡಿದ್ರಂತ," ಎಂದಳು. "ಸಿನಿಮಾದಾಗ ನೀವು ನಿದ್ದಿ ಮಾಡೋದು ನಾ ಒಂದಿನಾನೂ ಕಂಡಿಲ್ಲ."

"ಈಗ ಕೇಳಿದ್ಯಲ್ಲ, ಸಾಕು."

ಮಾಸ್ತರರು ಮಧ್ಯಾಹ್ನವಿಡೀ ಮಲಗಿ ಜಂತಿ ನೋಡಿದರು. ಒಳ್ಳೆಯ ಕೆಲಸ ಮಾಡಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಪಾಠದಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದರು. ಹಗುರಾಗಲಿಲ್ಲ. ಕಿಚ್ಚು ಹಾಗೇ ಇತ್ತು, ಇನ್ನೊಂದು ಹೊಸ ಟಿಸಿಲೂ ಒಡೆದಿತ್ತು. ಅವನ ಅಂಜಿಕೆಯ ಮೇಲೂ ಈಗ ಅವರಿಗೆ ಅಸೂಯೆ. ಕೂತಲ್ಲಿ ನಿಂತಲ್ಲಿ ಹಿಂದೆ ಹೊರಳಿ ನೋಡುವಂಥ ಏನನ್ನೋ ಅವನು ಕಂಡು ಬಂದಿದ್ದಾನೆ. ತಾವು ಈ ಮೂವತ್ತೆಂಟು ವರ್ಷದಲ್ಲಿ ಅಂಜಿದ್ದು ಶಾಲಾ ಇನ್‌ಸ್ಪೆಕ್ಟರಿಗೆ ಮಾತ್ರ. ಇಷ್ಟು ನೀಚ ವಿಚಾರ ಬರುತ್ತದಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಸಂಜೆ ಕಾಲು ತಾವಾಗಿಯೇ ಟೆಂಟಿನ ಕಡೆ ನಡೆದವು. ಬೆಳಗಿನ ಹಲಗೆಯ ಸುದ್ದಿ ಕೇಳಿ ಜನ ಕಿಕ್ಕಿರಿದಿತ್ತು. ಅಬ್ದುಲ್‌ಸಾಬ ಈ ಸಲ ಓಡಿ ಬರಲಿಲ್ಲ, ಹಲ್ಲುಕಿರಿದು, "ನೆಲದ ಮ್ಯಾಲೆ ಜಾಗಾ ಐತ್ರಿ ಮಾಸ್ತರ, ಒರಗಾಕೂ ಆಗ್ತೈತಿ," ಎಂದ. ಹಿಂದೆ ಎರಡೂ ಖುರ್ಚಿಗಳು ಖಾಲಿ ಇದ್ದವು. ಅಮೋಘಸಿದ್ದಪ್ಪ ಟೆಂಟಿನ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದ. ‘ಕುಂದರ್ರಿ ಹವಾಲ್ದಾರ್ರ, ಕುಂದರ್ರಿ’ ಎಂದು ಮುಂದಿನವರು ಕರೆಯುತ್ತಿದ್ದರು, ಲಕ್ಷ್ಮಪ್ಪ ಎಲ್ಲರಿಗಿಂತ ಗಟ್ಟಿಯಾಗಿ. ಅವನು ಖುರ್ಚಿ ನೋಡುತ್ತಾನೆ, ಬಾಗಿಲು ನೋಡುತ್ತಾನೆ, ಇದ್ದಲ್ಲೇ ಇರುತ್ತಾನೆ. ಇನ್ನೊಂದು ಗಳಿಗೆ ಹೀಗೇ ನಿಂತರೆ ಲಕ್ಷ್ಮಪ್ಪನಿಗೆ ಬೇಕಾದದ್ದು ಸಿಗುತ್ತಿತ್ತು.

ಮಾಸ್ತರರು ಹೋಗಿ ಅಲುಗಾಡುವ ಖುರ್ಚಿಯನ್ನು ಎತ್ತಿದರು. ಹಳೆಯ ಖುರ್ಚಿಯ ಹಿಂದೆ, ಅದಕ್ಕೆ ಬೆನ್ನು ತಾಗಿಸಿ, ಬಾಗಿಲಿಗೆ ಮುಖ ಮಾಡಿ ಇಟ್ಟರು. ಇಟ್ಟು ಅದರಲ್ಲಿ ಕೂತರು.

"ಬಾರೋ ಅಮೋಘ್ಯಾ," ಎಂದರು ಮೆಲ್ಲಗೆ, ಅವನ ಬಲಗಿವಿಗಷ್ಟೇ ಕೇಳುವ ಹಾಗೆ. "ನೀ ಪಡದೆ ನೋಡು. ಬಾಗಲಾ ನಾ ನೋಡ್ತೀನಿ."

ದೀಪ ಆರಿತು. ಆಮೇಲೆ ಬೆನ್ನ ಹಿಂದಿನ ಖುರ್ಚಿ ಕಿರ್ರೆಂದಿತು, ಒಂದು ಅಗಲವಾದ ಬೆನ್ನು ಬಂದು ಮಾಸ್ತರರ ಬೆನ್ನಿಗೆ ತಾಗಿತು.

ಚಿತ್ರ ನಡೆಯಿತು. ದೊಡ್ಡ ಸೀನುಗಳಲ್ಲಿ ಜನ ಹಿಂದೆ ಹೊರಳಿದ್ದು ಮಾಸ್ತರರಿಗೆ ಸಪ್ಪಳದಲ್ಲೇ ತಿಳಿಯಿತು. ಜನಕ್ಕೆ ಕಾಣುವುದು ಹವಾಲ್ದಾರನ ಮುಖ, ತಮ್ಮದೇನಿದ್ದರೂ ಬೋಳು ಹಿಂದಲೆ, ಎಂದು ಹಳೆಯ ಕಿಚ್ಚು ಒಂದು ಸಲ ಹೊತ್ತಿತು ಕೂಡ. ಗುಂಡು ಸಿಡಿದಾಗ ಆ ಬೆನ್ನು ನಡುಗುವುದು ಖುರ್ಚಿಯ ಕಬ್ಬಿಣದ ಮೂಲಕ ಇವರ ಬೆನ್ನಿಗೆ ಬಂತು. ಮಾಸ್ತರರು ಉಸಿರು ತುಂಬಿಕೊಂಡು ಇನ್ನಷ್ಟು ಹಿಂದಕ್ಕೆ ಒತ್ತಿ ಕೂತರು. ಅಮೋಘಸಿದ್ದಪ್ಪ ಬಗ್ಗಲಿಲ್ಲ, ಒಮ್ಮೆಯೂ ಹಿಂದೆ ಹೊರಳಲಿಲ್ಲ.

ಹೀಗಾಗಿ ಎರಡನೆಯ ಸಲವೂ ಮಾಸ್ತರರು ಆ ಚಿತ್ರ ನೋಡಲಿಲ್ಲ, ಅದಕ್ಕೆ ಅಂಕ ಬೀಳಲೇ ಇಲ್ಲ. ಮೂರು ತಾಸು ಅವರು ಬಾಗಿಲಿನ ಮೇಲಿನ ಕಣ್ಣು ಕೀಳಲಿಲ್ಲ. ನಡುವೆ ಒಂದು ನಾಯಿ ಒಳಗೆ ಬರಲು ನೋಡಿತು. ಅದನ್ನು ಅವರು ಬಿಡಲಿಲ್ಲ.